ಅವ್ವ, ಇಸ್ಪೀಟು ಮತ್ತು ಆಟೀನ್ ರಾಣಿ

ನಮ್ಮ ಕಡೆ ‘ಇಸ್ಪೀಟ್’ ಅನ್ನೋದು ಮರ್ಯಾದಸ್ಥರ ಮನೆಯಲ್ಲಿ ಆಡಬಾರದ ಆಟ ಮಾತ್ರ ಅಲ್ಲ, ಆಡಬಾರದ ಮಾತು ಕೂಡ. ‘ಹುಡುಗ ಎಲೆ ಆಡ್ತಾನಂತೆ’ ಅಂತ ಯಾರೋ ಒಬ್ಬರು ಕಿವಿಯಲ್ಲಿ ಊದಿದರೆ ಸಾಕು, ಹೆಣ್ಣು ಕೊಡೋಕೆ ಬಂದವರು ಕಾಫಿ ಕುಡಿಯದೆ ಎದ್ದು ಹೋಗ್ತಾರೆ. ಹಾಗಿರುವಾಗ ಹುಡುಗಿಯೇ ಎಲೆ ಆಡ್ತಾಳೆ ಅಂದ್ರೆ? ಆ ಹುಡುಗಿ ನಾನು. ವಯಸ್ಸು ಮೂವತ್ತರ ಆಸುಪಾಸು, ಓದಿದ್ದು ಎಂಜಿನಿಯರಿಂಗ್, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ನಾಲ್ಕು ವರ್ಷದಿಂದ ಬ್ರಿಜ್ ಆಡ್ತಿದ್ದೀನಿ. ಈ ವಿಷಯ ಊರಲ್ಲಿ ಮೂರೂವರೆ ವರ್ಷ ಯಾರಿಗೂ ಗೊತ್ತಿರಲಿಲ್ಲ.

ಊರು ಸೂರಗೊಂಡನಕೊಪ್ಪ. ದಾವಣಗೆರೆ ಜಿಲ್ಲೆ, ಈಗ ನ್ಯಾಮತಿ ತಾಲ್ಲೂಕು. ನಾನು ಶಾಲೆಗೆ ಹೋಗುವಾಗ ಹೊನ್ನಾಳಿ ತಾಲ್ಲೂಕು ಅಂತ ಬರೀತಿದ್ವಿ. ಸಂತ ಸೇವಾಲಾಲರ ಜನ್ಮಸ್ಥಳ ಅಂತ ನೀವು ಕೇಳಿರಬಹುದು. ಫೆಬ್ರವರಿ 15ರ ಜಯಂತಿಗೆ ಎಲ್ಲೆಲ್ಲಿಂದಲೋ ಲಂಬಾಣಿ ಭಕ್ತರು ಮಾಲೆ ಹಾಕಿಕೊಂಡು ನಡೆದೇ ಬರ್ತಾರೆ. ಆಗ ಊರಿಗೆ ಊರೇ ಭಕ್ತಿಯಲ್ಲಿ ಇರುತ್ತೆ. ಅದಾಗಿ ಒಂದೆರಡು ತಿಂಗಳಿಗೆ ಯುಗಾದಿ. ಯುಗಾದಿ ಅಂದ್ರೆ ನಮ್ಮ ಸುತ್ತಿನ ಊರುಗಳಲ್ಲಿ ಬೇವು, ಬೆಲ್ಲ, ಚಂದ್ರನ ದರ್ಶನ, ಆಮೇಲೆ ಇಸ್ಪೀಟು. ಹುಣಸೆಮರದ ಕೆಳಗೆ ಟವೆಲ್ ಹಾಸಿದರೆ ಅಂದರ್ ಬಾಹರ್ ಶುರು. ಮಾರನೇ ದಿನದ ಪೇಪರಿನಲ್ಲಿ ‘ಜೂಜು ಅಡ್ಡೆ ಮೇಲೆ ದಾಳಿ, ಇಷ್ಟು ಜನರ ಬಂಧನ’ ಅಂತ ಒಂದು ಸುದ್ದಿ ಎಲ್ಲಾದ್ರೂ ಇದ್ದೇ ಇರುತ್ತೆ.

ಅವ್ವನ ತವರು ಚನ್ನಗಿರಿ ಕಡೆ. ಅವಳ ಅಪ್ಪ, ಅಂದ್ರೆ ನನ್ನ ಅಜ್ಜ, ಅಂದರ್ ಬಾಹರ್‌ನಲ್ಲಿ ಎರಡೂವರೆ ಎಕರೆ ಕಳೆದರು. ಒಂದೇ ರಾತ್ರಿ ಅಲ್ಲ, ಸಿನಿಮಾದಲ್ಲಿ ತೋರಿಸೋ ಹಾಗೆ. ನಾಲ್ಕೈದು ವರ್ಷ ಸ್ವಲ್ಪ ಸ್ವಲ್ಪವೇ ಸಾಲ ಬೆಳೆದು, ಕೊನೆಗೆ ಒಂದು ದಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬಂದರಂತೆ. ಆ ಹೊಲ ಈಗ ಅಡಿಕೆ ತೋಟ ಆಗಿದೆ, ಬೇರೆಯವರದ್ದು. ಬಸ್ಸು ಅದರ ಪಕ್ಕದಲ್ಲೇ ಹೋಗುತ್ತೆ. ಅಲ್ಲಿ ಬರುವ ಹೊತ್ತಿಗೆ ಅವ್ವ ಚೀಲದಲ್ಲಿ ಏನೋ ಹುಡುಕೋಕೆ ಶುರು ಮಾಡ್ತಾಳೆ. ಚಿಕ್ಕವಳಿದ್ದಾಗ ನನಗೆ ಬಿಸ್ಕತ್ತು ತೆಗೀತಾಳೇನೋ ಅನ್ನಿಸ್ತಿತ್ತು.

ಹೀಗಾಗಿ ನಮ್ಮ ಮನೆಯಲ್ಲಿ ಇಸ್ಪೀಟ್ ಪ್ಯಾಕು ಇರಲೇ ಇಲ್ಲ. ಅಪ್ಪ, ಚಿಕ್ಕಪ್ಪ ಇಬ್ಬರೂ ಇಪ್ಪತ್ತೆಂಟು ಆಡೋದರಲ್ಲಿ ಒಳ್ಳೆ ಕೈ. ಆದರೆ ಅದು ಮನೆಯ ಹೊರಗೆ, ಯಾರದೋ ಮದುವೆ ಚಪ್ಪರದಲ್ಲಿ, ಕಾಸಿಲ್ಲದೆ, ಅವ್ವನಿಗೆ ಕಾಣದ ಹಾಗೆ.

ನನಗೆ ಬ್ರಿಜ್ ಹಿಡಿಸಿದ್ದು ಆಫೀಸಿನ ಊಟದ ವಿರಾಮದಲ್ಲಿ. ನಾಲ್ಕನೆಯವರು ಬಂದಿಲ್ಲ, ಕೂತ್ಕೋ ಅಂದ್ರು, ಕೂತೆ. ಆಮೇಲೆ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮೇಡಂ ನನ್ನ ಜೊತೆಗಾರ್ತಿ ಆದರು. ಅವರು ಮೊದಲ ದಿನವೇ ಹೇಳಿದ್ದು: ‘ನಿನಗೆ ಬಂದಿರೋ ಎಲೆ ನಿನಗೆ ಗೊತ್ತು. ನನಗೆ ಹೇಳೋದು ಹೇಗೆ ಅನ್ನೋದೇ ಅರ್ಧ ಆಟ.’

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ನಾಲ್ಕು ಜನ, ಎದುರು ಬದುರು ಕೂತವರು ಜೋಡಿ. 52 ಎಲೆ, ಒಬ್ಬೊಬ್ಬರಿಗೆ 13. ಒಂದೊಂದು ಎಲೆ ಇಳಿದು ನಾಲ್ಕು ಎಲೆಗೆ ಒಂದು ಸುತ್ತು, ಒಟ್ಟು 13 ಸುತ್ತು. ಆಡೋದಕ್ಕೆ ಮುಂಚೆ ‘ನಮ್ಮ ಜೋಡಿ ಇಷ್ಟು ಸುತ್ತು ಗೆಲ್ಲುತ್ತೆ, ತುರುಫು ಇದು’ ಅಂತ ಬಿಡ್ ಮಾಡಬೇಕು. ಜಾತ್ರೆಯಲ್ಲಿ ಮುಕ್ತಿ ಬಾವುಟ ಹರಾಜು ಹಾಕ್ತಾರಲ್ಲ, ಹಾಗೆ ಏರಿಸ್ತಾ ಹೋಗೋದು. ಮೊದಲ ಆರು ಸುತ್ತು ಲೆಕ್ಕಕ್ಕಿಲ್ಲ. ‘ನಾಲ್ಕು ಇಸ್ಪೀಟ್’ ಅಂದರೆ ಇಸ್ಪೀಟ್ ತುರುಫಿನಲ್ಲಿ 10 ಸುತ್ತು ಗೆಲ್ತೀವಿ ಅಂತ ಅರ್ಥ. ಒಂದರಿಂದ ಏಳರವರೆಗೆ, ನಾಲ್ಕು ಬಣ್ಣ ಮತ್ತು ತುರುಫಿಲ್ಲದ್ದು ಸೇರಿ ಒಟ್ಟು 35 ಬಿಡ್. ಜೊತೆಗೆ ಪಾಸ್, ಡಬಲ್, ರೀಡಬಲ್. ಈ 38 ಮಾತಿನಲ್ಲಿ ನಿಮ್ಮ ಕೈಲಿರೋದನ್ನೆಲ್ಲ ಎದುರಿನವರಿಗೆ ಹೇಳಬೇಕು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಪಾಯಿಂಟ್. ಇಡೀ ಕಟ್ಟಿನಲ್ಲಿ 40. ಇಬ್ಬರ ಕೈ ಸೇರಿ 25-26 ಇದ್ದರೆ ನಾಲ್ಕು ಇಸ್ಪೀಟಿನಂಥ ದೊಡ್ಡ ಬಿಡ್‌ಗೆ ಧೈರ್ಯ ಮಾಡಬಹುದು. ಇಷ್ಟು ಗೊತ್ತಾದರೆ ಈ ಬರಹಕ್ಕೆ ಸಾಕು.

ಗುಟ್ಟು ರಟ್ಟಾಗಿದ್ದು ಫೋಟೋದಿಂದ. ಒಂದು ಸಣ್ಣ ಟೂರ್ನಮೆಂಟಿನಲ್ಲಿ ನಮಗೆ ಎರಡನೇ ಬಹುಮಾನ ಬಂತು. ಮೇಡಂ ಖುಷಿಗೆ ಫೇಸ್‌ಬುಕ್ಕಿಗೆ ಹಾಕಿದರು, ನನ್ನ ಹೆಸರೂ ಸೇರಿಸಿದರು. ಸಂಜೆ ಹೊತ್ತಿಗೆ ಚಿಕ್ಕಪ್ಪನ ಮಗ ಅದನ್ನ ಮನೆಯ ವಾಟ್ಸಾಪ್ ಗ್ರೂಪಿಗೆ ತಂದಿದ್ದ. ‘ಅಕ್ಕ ಕಪ್ ಗೆದ್ದಾಳೆ’ ಅಂತ ಅವನು, ಚಪ್ಪಾಳೆ ಹೊಡೆಯೋ ಕೈಗಳು ಚಿಕ್ಕಮ್ಮನದು. ಅವ್ವ ಏನೂ ಬರೀಲಿಲ್ಲ. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ಎತ್ತಿ, ‘ಎಂಜಿನಿಯರ್ ಓದ್ಸಿದ್ದು ಇದ್ಕೇನವ್ವ?’ ಅಂದಳು. ಅಷ್ಟೇ.

ನಾನು ವಾದ ಮಾಡೋಕೆ ಹೋದೆ. 2018ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಮೊದಲ ಸಲ ಬ್ರಿಜ್ ಸೇರಿಸಿದಾಗ ಪ್ರಣಬ್ ಬರ್ಧನ್ ಮತ್ತು ಶಿವನಾಥ್ ಸರ್ಕಾರ್ ಪುರುಷರ ಜೋಡಿಯಲ್ಲಿ ಭಾರತಕ್ಕೆ ಚಿನ್ನ ತಂದರು, ಒಬ್ಬರಿಗೆ 60, ಇನ್ನೊಬ್ಬರಿಗೆ 56 ವರ್ಷ ಅಂದೆ. 1967ರಲ್ಲೇ ಸುಪ್ರೀಂ ಕೋರ್ಟು ರಮ್ಮಿ ಮುಖ್ಯವಾಗಿ ಚಾಣಾಕ್ಷತೆಯ ಆಟ ಅಂದಿದೆ, ಅದರಲ್ಲಿರೋ ಅದೃಷ್ಟ ಬ್ರಿಜ್‌ನಲ್ಲಿ ಎಲೆ ಹಂಚುವಾಗ ಇರುವಂಥದ್ದೇ ಅಂತ ಹೋಲಿಸಿದೆ ಅಂದೆ. ಅವ್ವ ಕೇಳಿಸಿಕೊಂಡಳು. ‘ರಮ್ಮಿ ಒಳ್ಳೇದು ಅಂತ ಕೋರ್ಟು ಹೇಳ್ತಾ? ಹಂಗಾರೆ ನಿನ್ ತಮ್ಮ ಒಳ್ಳೇ ಕೆಲ್ಸನೇ ಮಾಡಿದ’ ಅಂದಳು. ನನ್ನ ಬಾಯಿ ಮುಚ್ಚಿತು. ಚಿಕ್ಕಪ್ಪನ ಮಗ ಕಾಲೇಜು ಹಾಸ್ಟೆಲಿನಲ್ಲಿ ಮೊಬೈಲ್ ರಮ್ಮಿಗೆ ಒಂದು ಸೆಮಿಸ್ಟರಿನ ಫೀಸು ಹಾಕಿ ಕೂತಿದ್ದ. ಅದು ಮನೆಗೆ ಗೊತ್ತಾಗಿ, ಚಿಕ್ಕಪ್ಪ ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ ತುಂಬಿದ್ದ. 2025ರ ಆಗಸ್ಟಿನಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸೋ ಕೇಂದ್ರದ ಕಾಯಿದೆ ಬಂತಲ್ಲ, ಆ ದಿನ ಅವ್ವ ಊರ ದೇವರಿಗೆ ಕಾಯಿ ಒಡೆಸಿದ್ದಳು. ಇದು ಕೋರ್ಟಿನ ತೀರ್ಪು ಹೇಳಿ ಗೆಲ್ಲೋ ವಾದ ಅಲ್ಲ.

ಈ ಸಲದ ಯುಗಾದಿಗೆ ಊರಿಗೆ ಹೋಗುವಾಗ ಚೀಲದಲ್ಲಿ ಎರಡು ಹೊಸ ಪ್ಯಾಕು ಇಟ್ಟುಕೊಂಡೆ. ಧೈರ್ಯ ಅನ್ನಿ, ಹಟ ಅನ್ನಿ. ಒಂದು ಕಾರಣ ಇತ್ತು. ತಮ್ಮ ಆ ಘಟನೆ ಆದಮೇಲೆ ಯಾರ ಜೊತೆಯೂ ಮಾತಾಡ್ತಿರಲಿಲ್ಲ. ಚಿಕ್ಕಪ್ಪ ಅವನ ಮುಖ ನೋಡ್ತಿರಲಿಲ್ಲ. ಒಂದೇ ಮನೆ, ಒಂದೇ ಪಡಸಾಲೆ, ಇಬ್ಬರೂ ಒಬ್ಬರು ಬಂದರೆ ಇನ್ನೊಬ್ಬರು ಏಳೋರು. ಇವರಿಬ್ಬರನ್ನ ಎದುರು ಬದುರು ಕೂರಿಸಿದರೆ, ಮಾತು ಅಲ್ಲದಿದ್ದರೂ, 38ರಲ್ಲಿ ಒಂದಾದ್ರೂ ಆಡಲೇಬೇಕಲ್ಲ ಅಂತ ನನ್ನ ಲೆಕ್ಕ.

ಹಬ್ಬದ ಮಾರನೇ ದಿನ ಮಧ್ಯಾಹ್ನ ಪಡಸಾಲೆಯಲ್ಲಿ ಚಾಪೆ ಹಾಸಿ ಎಲೆ ತೆಗೆದೆ. ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದಳು. ‘ದುಡ್ಡಿಲ್ಲ ಅವ್ವ, ಒಂದು ಪೈಸೆನೂ ಇಲ್ಲ’ ಅಂದೆ. ಅವಳು ಒಳಗೆ ಹೋಗಿ ಪಾತ್ರೆ ಸದ್ದು ಜೋರಾಗಿ ಮಾಡಿದಳು. ಬೇಡ ಅನ್ನಲಿಲ್ಲ, ಅದನ್ನೇ ಪಾಸ್ ಅಂದುಕೊಂಡೆ.

ಅಪ್ಪ, ಚಿಕ್ಕಪ್ಪನಿಗೆ ಕಲಿಸೋದು ಸುಲಭ ಅಂದುಕೊಂಡಿದ್ದೆ, ಇಪ್ಪತ್ತೆಂಟು ಬರುತ್ತಲ್ಲ. ಅದೇ ಕಷ್ಟ ಆಯ್ತು. ಇಪ್ಪತ್ತೆಂಟರಲ್ಲಿ ಗುಲಾಮನೇ ದೊಡ್ಡವನು, 3 ಪಾಯಿಂಟ್. ಒಂಬತ್ತಕ್ಕೆ 2, ಎಕ್ಕ ಹತ್ತು ತಲಾ 1. ನಾಲ್ಕು ಬಣ್ಣ ಸೇರಿ 28. ಮೂವತ್ತು ವರ್ಷ ಗುಲಾಮನಿಗೆ ನಮಸ್ಕಾರ ಹೊಡೆದವರಿಗೆ ಇಲ್ಲಿ ಅವನು ರಾಣಿಗಿಂತ ಕೆಳಗೆ ಅಂದ್ರೆ ಒಪ್ಪೋಕೆ ಮನಸ್ಸು ಬರಲ್ಲ. ಇನ್ನು ಇಪ್ಪತ್ತೆಂಟರಲ್ಲಿ ಮೊದಲ ನಾಲ್ಕೇ ಎಲೆ ನೋಡಿ ಹದಿನಾಲ್ಕರಿಂದ ಕೂಗೋಕೆ ಶುರು, ತುರುಫಿನ ಎಲೆ ಮುಚ್ಚಿಟ್ಟಿರಬೇಕು, ಅದು ಯಾವುದು ಅಂತ ಇಟ್ಟವನೊಬ್ಬನಿಗೇ ಗೊತ್ತು. ಬ್ರಿಜ್‌ನಲ್ಲಿ ತುರುಫು ಎಲ್ಲರಿಗೂ ಗೊತ್ತಿರುತ್ತೆ. ಮೇಲಿಂದ ಮೊದಲ ಎಲೆ ಬಿದ್ದ ತಕ್ಷಣ ಆಡುವವನ ಜೊತೆಗಾರ ತನ್ನ 13 ಎಲೆಯನ್ನೂ ನೆಲದ ಮೇಲೆ ತೆರೆದು ಹಾಸಿ, ‘ಡಮ್ಮಿ’ ಆಗಿ ಬಾಯಿ ಮುಚ್ಚಿ ಕೂರಬೇಕು. ‘ಎಲ್ಲ ಬಿಚ್ಚಿಟ್ಟ ಮೇಲೆ ಆಟ ಇನ್ನೇನು ಉಳೀತು?’ ಅಂತ ಚಿಕ್ಕಪ್ಪ.

ಅದಕ್ಕಿಂತ ದೊಡ್ಡ ಆಘಾತ ಸನ್ನೆಗಳದು. ಇವರ ಇಪ್ಪತ್ತೆಂಟಿನಲ್ಲಿ ಕೆಮ್ಮಿದರೆ ಒಂದು ಅರ್ಥ, ಕಿವಿ ಕೆರೆದರೆ ಒಂದು ಅರ್ಥ. ಬ್ರಿಜ್‌ನಲ್ಲಿ ಜೊತೆಗಾರರ ನಡುವೆ ಬಿಡ್‌ಗೆ ಏನೇ ಅರ್ಥ ಇಟ್ಟುಕೊಂಡಿದ್ದರೂ ಎದುರಾಳಿ ಕೇಳಿದರೆ ಹೇಳಲೇಬೇಕು, ಗುಟ್ಟಿನ ಭಾಷೆ ಇರುವ ಹಾಗಿಲ್ಲ. ಟೂರ್ನಮೆಂಟಿನಲ್ಲಂತೂ ಬಾಯಲ್ಲಿ ಬಿಡ್ ಹೇಳೋದೇ ಇಲ್ಲ. ದನಿಯ ಏರಿಳಿತದಲ್ಲೂ ಏನಾದ್ರೂ ಸೋರಬಹುದು ಅಂತ ಬಿಡ್ ಬರೆದ ಕಾರ್ಡು ತೆಗೆದು ಮೇಜಿನ ಮೇಲೆ ಇಡ್ತಾರೆ. ಅಪ್ಪ ಇದನ್ನ ಕೇಳಿ ಸುಮ್ಮನೆ ನಕ್ಕರು. ‘ಎದುರಾಳಿಗೂ ತಿಳಿಯೋ ಹಾಗೆ ಮಾತಾಡಿ ಗೆಲ್ಲಬೇಕು ಅನ್ನು’ ಅಂದರು. ಇದಕ್ಕಿಂತ ಚೆನ್ನಾಗಿ ಬಿಡ್ಡಿಂಗನ್ನ ನನಗೆ ಯಾರೂ ವಿವರಿಸಿಲ್ಲ.

ನನ್ನ ಕೆಲಸದ ಕಡೆಯಿಂದ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಚೆಸ್‌ನಲ್ಲಿ ಕಂಪ್ಯೂಟರು ಕಾಸ್ಪರೋವ್‌ರನ್ನ ಸೋಲಿಸಿದ್ದು 1997ರಲ್ಲಿ. ಬ್ರಿಜ್‌ನಲ್ಲಿ ಅಂಥ ಸುದ್ದಿ ಬಂದಿದ್ದು 2022ರಲ್ಲಿ, ಪ್ಯಾರಿಸ್ಸಿನಲ್ಲಿ. ‘ನೂಕ್’ ಅನ್ನೋ ಪ್ರೋಗ್ರಾಮು ಎಂಟು ಜನ ವಿಶ್ವ ಚಾಂಪಿಯನ್ನರಿಗಿಂತ ಚೆನ್ನಾಗಿ ಆಡಿತು. ಆದರೆ ಅಲ್ಲಿ ಬಿಡ್ಡಿಂಗ್ ಇರಲಿಲ್ಲ, ಎಲೆ ಆಡೋ ಭಾಗ ಮಾತ್ರ. ಲೆಕ್ಕ ಹಾಕೋದು ಯಂತ್ರಕ್ಕೆ ಬಂತು. ಎದುರಿಗಿರೋ ಮನುಷ್ಯ ಈ ಮಾತನ್ನ ಯಾಕೆ ಆಡಿದ, ಆಡಬಹುದಾಗಿದ್ದ ಇನ್ನೊಂದು ಮಾತನ್ನ ಯಾಕೆ ಆಡಲಿಲ್ಲ ಅನ್ನೋದು ಬೇರೆ ತರಹದ ಕಷ್ಟ.

ಸರಿ, ಆಟಕ್ಕೆ ಬರ್ತೀನಿ. ನಾನು ಅಪ್ಪ ಒಂದು ಜೋಡಿ, ಚಿಕ್ಕಪ್ಪ ತಮ್ಮ ಇನ್ನೊಂದು. ಮೊದಲ ದಿನ ತಪ್ಪು, ಗಲಾಟೆ, ನಗು. ತಮ್ಮ ಬಿಡ್ ಮಾಡುವಾಗ ಚಾಪೆ ನೋಡ್ತಿದ್ದ, ಚಿಕ್ಕಪ್ಪ ಗೋಡೆ. ಎರಡನೇ ದಿನ ಸಂಜೆ ಚಿಕ್ಕಪ್ಪ ‘ಎರಡು ಆಟೀನ್’ ಅಂದಾಗ ತಮ್ಮ ನೇರ ‘ನಾಲ್ಕು ಆಟೀನ್’ ಅಂತ ಏರಿಸಿದ. ಹತ್ತು ಸುತ್ತೂ ಬಂತು. ‘ನಿನ್ ಹತ್ರ ಎಕ್ಕ ಐತೆ ಅಂತ ನಂಗೆ ಆಗ್ಲೇ ಗೊತ್ತಾತು’ ಅಂದ ಚಿಕ್ಕಪ್ಪ. ಆರು ತಿಂಗಳಲ್ಲಿ ಅಪ್ಪ ಮಗನಿಗೆ ಹೇಳಿದ ಮೊದಲ ಉದ್ದದ ವಾಕ್ಯ ಇದು. ನಾನು ಎಲೆ ಕಲೆಸೋದರಲ್ಲಿ ಮುಳುಗಿದವಳ ಹಾಗೆ ಇದ್ದುಬಿಟ್ಟೆ.

ಮೂರನೇ ದಿನದ ಒಂದು ಆಟ ನನಗೆ ಎಲೆ ಎಲೆಯಾಗಿ ನೆನಪಿದೆ. ಅಪ್ಪನಿಗೆ ಇಸ್ಪೀಟಿನಲ್ಲಿ ಐದು ಎಲೆ, ಒಟ್ಟು 13 ಪಾಯಿಂಟ್. ‘ಒಂದು ಇಸ್ಪೀಟ್’ ಅಂದರು. ಅವರ ಎಡಗಡೆ ಕೂತಿದ್ದ ಚಿಕ್ಕಪ್ಪ ‘ಎರಡು ಕಳಾವರ್’. ನನ್ನ ಹತ್ತಿರ ಇಸ್ಪೀಟ್ ನಾಲ್ಕು, ಉಳಿದ ಮೂರು ಬಣ್ಣದಲ್ಲಿ ಮೂರು ಮೂರು, 14 ಪಾಯಿಂಟ್. ನಮ್ಮಿಬ್ಬರದು ಸೇರಿ 27. ‘ನಾಲ್ಕು ಇಸ್ಪೀಟ್’ ಅಂದೆ, ಎಲ್ಲರೂ ಪಾಸ್. ಹತ್ತು ಸುತ್ತು ಗೆಲ್ಲಬೇಕು, ಮೂರು ಕಳಕೊಳ್ಳಬಹುದು. ನಾನು ಡಮ್ಮಿ, ಎಲೆ ಹಾಸಿ ಕೂತೆ.

ಚಿಕ್ಕಪ್ಪ ಕಳಾವರ್ ಎಕ್ಕ, ಕಳಾವರ್ ರಾಜ ಇಳಿಸಿ ಎರಡು ಸುತ್ತು ತಗೊಂಡ. ಮೂರನೆಯದಕ್ಕೆ ಸುಮ್ಮನೆ ತುರುಫು ಇಳಿದ. ಅಪ್ಪ ಎರಡು ಸುತ್ತಿನಲ್ಲಿ ಅವರಿಬ್ಬರ ತುರುಫನ್ನೆಲ್ಲ ಖಾಲಿ ಮಾಡಿದರು. ಇನ್ನು ಡೈಮನ್: ನನ್ನ ಕಡೆ ಎಕ್ಕ, ರಾಜ, ಒಂದು ಸಣ್ಣದು, ಅಪ್ಪನ ಹತ್ತಿರ ಮೂರೂ ಸಣ್ಣವು. ಅಲ್ಲಿ ಒಂದು ಹೋಗೋದು ಖಂಡಿತ, ಅದಕ್ಕೆ ಮೂರೂ ಮುಗೀತು. ಹಾಗಾಗಿ ಆಟೀನ್‌ನಲ್ಲಿ ಒಂದೂ ಹೋಗಬಾರದು. ಆಟೀನ್‌ನಲ್ಲಿ ನನ್ನ ಕಡೆ ಎಕ್ಕ, ಗುಲಾಮ, ಐದು. ಅಪ್ಪನ ಕಡೆ ರಾಜ, ಹತ್ತು, ಆರು. ರಾಣಿ ಎಲ್ಲಿ? ಚಿಕ್ಕಪ್ಪನ ಹತ್ತಿರ ಇದ್ದರೆ ಅಪ್ಪನ ಕೈಯಿಂದ ಆಡಿ ನನ್ನ ಗುಲಾಮನನ್ನ ಹಾಕಿಸಬೇಕು. ತಮ್ಮನ ಹತ್ತಿರ ಇದ್ದರೆ ಈ ಕಡೆಯಿಂದ ಆಡಿ ಅಪ್ಪನ ಹತ್ತನ್ನ ಹಾಕಬೇಕು. ಎರಡೂ ದಾರಿ ತೆರೆದಿದೆ, ಒಂದು ಸರಿ, ಒಂದು ಗುಂಡಿ.

ಅಪ್ಪ ಬಹಳ ಹೊತ್ತು ಯೋಚಿಸಿದರು. ಬಿಡ್ ಮಾಡಿದವನು ಚಿಕ್ಕಪ್ಪ, ಬಿಡ್ ಮಾಡಿದವನ ಹತ್ತಿರ ತಾನೇ ದೊಡ್ಡ ಎಲೆ ಇರೋದು? ಆರು ಆಡಿದರು, ಗುಲಾಮನನ್ನ ಹಾಕಿಸಿದರು. ತಮ್ಮ ರಾಣಿ ಇಟ್ಟ. ಆಮೇಲೆ ಡೈಮನ್ ಒಂದು ಹೋಯ್ತು. ಒಂಬತ್ತಕ್ಕೇ ನಿಂತಿತು.

‘ಅದೃಷ್ಟ’ ಅಂದರು ಅಪ್ಪ.

‘ಅದೃಷ್ಟ ಎಲ್ಲಿ ಬಂತು?’ ಅಂತ ಹಿಂದಿನಿಂದ ದನಿ. ಅವ್ವ. ಯಾವಾಗ ಬಂದು ನಿಂತಿದ್ದಳೋ, ಕೈಲಿ ಮಜ್ಜಿಗೆ ಲೋಟದ ತಟ್ಟೆ. ‘ಡೈಮನ್ ಹೆಂಗೂ ಒಂದು ಹೋಗೋದೇ ಇತ್ತಲ್ಲ. ಮೊದ್ಲು ಅದನ್ನ ಅವ್ರಿಗೆ ಕೊಟ್ಟಿದ್ರೆ ಆಟೀನ್ ಅವ್ರೇ ಆಡ್ತಿದ್ರು. ನೀವ್ಯಾಕೆ ಬಾಯ್ ಬಿಡೋಕೆ ಹೋದ್ರಿ?’

ಯಾರೂ ಮಾತಾಡಲಿಲ್ಲ. ನಾನು ಎಲೆಗಳನ್ನ ಮತ್ತೆ ಹಾಸಿ ನೋಡಿದೆ. ಅವ್ವ ಹೇಳಿದ್ದು ನೂರಕ್ಕೆ ನೂರು ಸರಿ. ಒಂದೇ ಒಂದು ಸೇರಿಸಬೇಕು, ನನ್ನ ಕಡೆ ಉಳಿದಿದ್ದ ಮೂರನೇ ಕಳಾವರನ್ನ ಮೊದಲು ಅಪ್ಪ ತುರುಫಿನಿಂದ ಹೊಡೆದುಕೊಂಡುಬಿಡಬೇಕು. ಆಮೇಲೆ ಡೈಮನ್ ಎಕ್ಕ, ರಾಜ, ಮೂರನೆಯದು ಎದುರಾಳಿಗೆ. ಈಗ ನಮ್ಮಿಬ್ಬರ ಕೈಲೂ ಕಳಾವರ್ ಇಲ್ಲ, ಡೈಮನ್ ಇಲ್ಲ, ಇರೋದು ಎರಡೆರಡು ತುರುಫು, ಮೂರು ಮೂರು ಆಟೀನ್. ಆ ಸುತ್ತು ಗೆದ್ದವರು ಏನು ಆಡ್ತಾರೆ? ಆಟೀನ್ ಆಡಿದರೆ ರಾಣಿ ಯಾರ ಹತ್ತಿರ ಇದ್ದರೂ ತಾನಾಗೇ ಸಿಕ್ಕಿಬೀಳ್ತಾಳೆ, ಯಾಕಂದ್ರೆ ಕೊನೆಯ ಎಲೆ ಹಾಕೋದು ನಾವು. ಕಳಾವರ್ ಅಥವಾ ಡೈಮನ್ ಆಡಿದರೆ ಒಂದು ಕೈಯಲ್ಲಿ ತುರುಫು ಹೊಡೆದು, ಇನ್ನೊಂದು ಕೈಯಿಂದ ಸಣ್ಣ ಆಟೀನ್ ಒಗೀಬಹುದು. ಯಾವ ದಾರಿ ಹಿಡಿದರೂ ಹತ್ತು ಸುತ್ತು. ಊಹೆ ಮಾಡೋ ಅಗತ್ಯವೇ ಇಲ್ಲ. ಬ್ರಿಜ್ ಪುಸ್ತಕಗಳಲ್ಲಿ ಇದಕ್ಕೆ ಎಂಡ್‌ಪ್ಲೇ ಅಂತಾರೆ. ನನಗೆ ಅದು ಬರೋಕೆ ಒಂದು ವರ್ಷ ಹಿಡಿದಿತ್ತು.

‘ನಿಂಗೆ ಹೆಂಗೆ ಗೊತ್ತಾತು ದೊಡ್ಡವ್ವ?’ ಅಂದ ತಮ್ಮ.

‘ಮೆಕ್ಕೆಜೋಳದ ಸಾಹುಕಾರ ಬಂದಾಗ ನಾನು ಯಾವತ್ತಾದ್ರೂ ಮೊದ್ಲು ರೇಟ್ ಹೇಳೀನಾ?’ ಅಂದಳು. ಲೋಟ ಇಟ್ಟಳು. ಆಮೇಲೆ ನನ್ನ ಕಡೆ ನೋಡದೆ, ‘ನಮ್ಮಪ್ಪ ಮೊದಮೊದ್ಲು ಇಪ್ಪತ್ತೆಂಟೇ ಆಡ್ತಿದ್ರು. ಜಗಲಿ ಮೇಲೆ. ನಾನು ಅವ್ರ ಬೆನ್ನಿಗೆ ಒರಗಿ ಕೂತು ಎಲೆ ಹೇಳ್ತಿದ್ದೆ. ಯಾವ್ದು ಹೋಗೈತೆ, ಯಾವ್ದು ಉಳಿದೈತೆ ಅಂತ. ಒಂದೂ ತಪ್ತಿರ್ಲಿಲ್ಲ’ ಅಂದಳು.

ಮೂವತ್ತು ವರ್ಷದಲ್ಲಿ ಇದನ್ನ ಅವಳು ಅಪ್ಪನಿಗೂ ಹೇಳಿರಲಿಲ್ಲ. ಅಜ್ಜ ಅಂದ್ರೆ ಹೊಲ ಕಳೆದವರು ಅಂತ ಮಾತ್ರ ನನಗೆ ಗೊತ್ತಿತ್ತು. ಎಂಟು ವರ್ಷದ ಮಗಳನ್ನ ಬೆನ್ನಿಗೆ ಒರಗಿಸಿಕೊಂಡು ಕೂತವರು ಅಂತ ಗೊತ್ತಿರಲಿಲ್ಲ. ಅಂದರ್ ಬಾಹರ್‌ನಲ್ಲಿ ಎಣಿಸೋಕೆ ಏನೂ ಇಲ್ಲ. ನಡುವೆ ಒಂದು ಎಲೆ, ಅದರ ಜೋಡಿ ಒಳಗೆ ಬೀಳುತ್ತೋ ಹೊರಗೆ ಬೀಳುತ್ತೋ ಅಷ್ಟೇ. ಜಗಲಿ ಬಿಟ್ಟು ಮರದ ಕೆಳಗೆ ಹೋದಮೇಲೆ ಅಜ್ಜನಿಗೆ ಮಗಳ ಲೆಕ್ಕ ಬೇಕಾಗಲಿಲ್ಲ.

‘ಒಳ್ಳೆ ಎಲೆ ಬಂದೋರು ಗೆಲ್ತಾರೆ, ಇದ್ರಲ್ಲೂ ಅಷ್ಟೇ ತಾನೆ?’ ಅಂತ ಅವಳೇ ಕೇಳಿದಳು, ಮೊದಲ ಸಲ ಆಟದ ಬಗ್ಗೆ ಒಂದು ಪ್ರಶ್ನೆ. ಟೂರ್ನಮೆಂಟಿನಲ್ಲಿ ಹಾಗಲ್ಲ ಅವ್ವ ಅಂದೆ. ನಾವು ಆಡಿದ ಎಲೆಗಳನ್ನೇ ಹಂಚಿದ್ದು ಹಂಚಿದ ಹಾಗೆ ಪಕ್ಕದ ಮೇಜಿಗೆ ಕಳಿಸ್ತಾರೆ. ನಾವು ಕೂತ ಜಾಗದಲ್ಲಿ ಅಲ್ಲಿ ಯಾರು ಕೂತಿದ್ದಾರೋ ಅವರಿಗೆ ನಮ್ಮದೇ ಎಲೆ. ಅವರು ಆ ಎಲೆಯಲ್ಲಿ ಎಷ್ಟು ಗೆದ್ದರು, ನಾವು ಎಷ್ಟು ಗೆದ್ದೆವು ಅಂತ ಹೋಲಿಸಿ ಅಂಕ. ಕೆಟ್ಟ ಎಲೆ ಬಂದು ಸೋತರೂ ಪಕ್ಕದವರಿಗಿಂತ ಕಮ್ಮಿ ಸೋತರೆ ಗೆದ್ದ ಹಾಗೆ. ಅವ್ವ ಇದನ್ನ ಸ್ವಲ್ಪ ಹೊತ್ತು ಯೋಚಿಸಿದಳು. ‘ಅದು ನ್ಯಾಯ’ ಅಂದಳು.

ಅಷ್ಟರಲ್ಲಿ ತ್ರೀ ಫೇಸ್ ಕರೆಂಟ್ ಬಂತು. ಚಿಕ್ಕಪ್ಪ ಎಲೆ ಅಲ್ಲೇ ಮುಚ್ಚಿಟ್ಟು, ಮೋಟರು ಹಾಕಿ ಬರ್ತೀನಿ ಅಂತ ಬ್ಯಾಟರಿ ಹಿಡಿದು ಎದ್ದ. ‘ನಾನೂ ಬರ್ತೀನಿ ತಡಿ’ ಅಂತ ತಮ್ಮನೂ ಹಿಂದೆ ಓಡಿದ. ಚಾಪೆ ಮೇಲೆ ಎರಡು ಜಾಗ ಖಾಲಿ. ಮೂರೇ ಜನ, ಬ್ರಿಜ್ ಆಗಲ್ಲ.

‘ಇಪ್ಪತ್ತೆಂಟು ಮೂರು ಜನನೂ ಆಡಬೋದು’ ಅಂದರು ಅಪ್ಪ, ಯಾರಿಗೋ ಹೇಳೋ ಹಾಗೆ.

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಕೂತಳು. ‘ದುಡ್ಡು ಇಡಂಗಿಲ್ಲ. ಮೊಬೈಲ್‌ನಾಗೂ ಇಲ್ಲ. ಕತ್ಲಾದ್ಮೇಲೆ ಇಲ್ಲ’ ಅಂದಳು. ಹೊರಗೆ ಆಗಲೇ ಕತ್ತಲಾಗಿತ್ತು. ನಾನು ಎಲೆ ಹಂಚಿದೆ, ನಾಲ್ಕು ನಾಲ್ಕು. ಅವಳು ಎಲೆ ಎತ್ತಿಕೊಂಡ ರೀತಿ ನೋಡಬೇಕಿತ್ತು, ಹೆಬ್ಬೆರಳಲ್ಲಿ ಒಂದೇ ಸಲ ಬೀಸಣಿಗೆಯ ಹಾಗೆ ಬಿಡಿಸಿ, ತಕ್ಷಣ ಮುಚ್ಚಿ ಎದೆಗೆ ಹಿಡಿದಳು.

‘ಹದಿನೇಳು’ ಅಂದಳು.